ಅಲ್ಲಿ ಯಾರವ್ರೆ?

ಬೆಂಗಳೂರಿನ ಯಾವುದೇ ಐಟಿ ಕಂಪನಿಯ ಯಾವುದೇ ಫ್ಲೋರ್‌ಗೆ ಹೋಗಿ, ಬೈಕಲ್ಲಿ ಲಡಾಖ್‌ಗೆ ಹೋಗಿಬಂದವನು ಒಬ್ಬನಾದರೂ ಅಲ್ಲಿ ಇದ್ದೇ ಇರ್ತಾನೆ. ಗುರುತು ಹಿಡಿಯೋದು ಕಷ್ಟ ಇಲ್ಲ. ಬೈಕ್ ಹ್ಯಾಂಡಲ್‌ಗೆ ಐದು ಬಣ್ಣದ ಬಾವುಟದ ಮಾಲೆ ಕಟ್ಟಿರ್ತಾನೆ. ಊಟದ ಟೇಬಲ್ ಮುಂದೆ ಯಾರಾದ್ರೂ ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಮಾತು ತೆಗೆದರೆ ಎರಡೇ ವಾಕ್ಯದಲ್ಲಿ ಅದನ್ನ ಖಾರ್ದುಂಗ್ ಲಾಗೆ ತಗೊಂಡು ಹೋಗಿ ನಿಲ್ಲಿಸ್ತಾನೆ. ನಮ್ಮ ಫ್ಲೋರ್‌ನಲ್ಲಿ 2022ರ ಜುಲೈ ನಂತರ ಆ ಪ್ರಾಣಿ ನಾನೇ.

ಹೊರಟವರು ಮೂವರು. ನಾನು, ಹಳೇ ಕಂಪನಿಯಲ್ಲಿ ಜೊತೆಗಿದ್ದ ಧಾರವಾಡದ ಗೆಳೆಯ, ಮತ್ತೆ ನಮ್ಮ ಟೀಮಿನ ಟೆಸ್ಟಿಂಗ್ ಹುಡುಗ. ಈ ಹುಡುಗ ಬೆಂಗಳೂರಲ್ಲೇ ಹುಟ್ಟಿ ಬೆಳೆದವನು, ಹೆಲ್ಮೆಟ್ ಮೇಲೊಂದು ಹ್ಯಾಂಡಲ್ ಮೇಲೊಂದು ಕ್ಯಾಮೆರಾ ಇಟ್ಕೊಂಡವನು. ಬೈಕ್ ಮನಾಲಿಯಲ್ಲೇ ಬಾಡಿಗೆಗೆ ಸಿಗುತ್ತೆ, ಅಲ್ಲೇ ತಗೊಳ್ಳೋಣ ಅಂತ ನಾನಂದೆ. ಧಾರವಾಡದವನು ಒಪ್ಪಲಿಲ್ಲ. "ಬಾಡಿಗಿ ಗಾಡಿ ಮ್ಯಾಲೆ ಹೋಗಾಕ ನಾವೇನ್ ಮದುವಿ ದಿಬ್ಬಣ ಹೊಂಟೇವೇನಲೇ?" ಅಂದ. ಸರಿ, ಯಶವಂತಪುರ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹೋಗಿ, ಟ್ಯಾಂಕಿನ ಪೆಟ್ರೋಲ್ ಎಲ್ಲ ಬಸಿದು, ಮೂರೂ ಗಾಡಿಗೆ ಗೋಣಿ ಸುತ್ತಿಸಿ ಚಂಡೀಗಢಕ್ಕೆ ಬುಕ್ ಮಾಡಿದ್ವಿ. ಗೋಣಿ ಹೊಲಿದು ನಿಲ್ಲಿಸಿದ ನನ್ನ ಹಿಮಾಲಯನ್ ಬೈಕ್ ನೋಡಿದರೆ ತಿಪಟೂರು ಎಪಿಎಂಸಿಗೆ ಹೊರಟ ಕೊಬ್ಬರಿ ಮೂಟೆ ಥರ ಕಾಣ್ತಿತ್ತು.

ತಿಪಟೂರು ಅಂದೆನಲ್ಲ, ನಮ್ಮೂರು ಅದೇ ತಾಲ್ಲೂಕು. ಹೊರಡೋ ಹಿಂದಿನ ವಾರ ಊರಿಗೆ ಹೋಗಿ ಅವ್ವನಿಗೆ ವಿಷಯ ಹೇಳಿದ್ದೆ. ಲಡಾಖ್ ಅಂದ್ರೆ ಗೊತ್ತಾಗಲಿಲ್ಲ. ಕಾಶ್ಮೀರದ ಪಕ್ಕ ಅಂದೆ.

"ಅಲ್ಲಿ ಯಾರವ್ರೆ?"

"ಯಾರೂ ಇಲ್ಲ ಕಣವ್ವ."

"ಕಂಪ್ನಿ ಕೆಲ್ಸವಾ?"

"ಅಲ್ಲ. ಸುಮ್ನೆ. ನೋಡ್ಕಂಡು ಬರಕ್ಕೆ."

"ಸುಮ್ಸುಮ್ನೆ ಅಷ್ಟ್ ದೂರ ಹೋಯ್ತಾರೇನ್ಲಾ ಯಾರಾದ್ರೂವೆ?"

ನಮ್ಮ ಕಡೆ ಪ್ರಯಾಣದ ಲೆಕ್ಕ ಇದೇ. ಒಂದೂರಿಗೆ ಹೋಗ್ತೀವಿ ಅಂದ್ರೆ ಅಲ್ಲಿ ಯಾರಾದ್ರೂ ಇರಬೇಕು. ಮಗಳನ್ನ ಕೊಟ್ಟಿರಬೇಕು, ಇಲ್ಲಾ ಯಾರೋ ಸತ್ತಿರಬೇಕು. ಆಸ್ಪತ್ರೆಯಲ್ಲಿ ಡಾಕ್ಟ್ರು, ಕೋರ್ಟಲ್ಲಿ ಲಾಯರ್ರು, ಸಂತೆಯಲ್ಲಿ ಸಾಬರು. ಯಾರೂ ಇಲ್ಲ ಅಂದ್ರೆ ಕೊನೇಪಕ್ಷ ದೇವರಾದ್ರೂ ಇರಬೇಕು, ಧರ್ಮಸ್ಥಳದ ಥರ. ಅಪ್ಪನ ಟಿವಿಎಸ್ ಎಕ್ಸೆಲ್ ದಿನಾ ಬೆಳಗ್ಗೆ ಡೈರಿಗೆ ಹಾಲು ಹೊತ್ತಿದೆ, ಗೊಬ್ಬರದ ಚೀಲ ಹೊತ್ತಿದೆ, ಒಂದು ಸಲ ಕರುವನ್ನೂ ಹೊತ್ತಿದೆ. ಅದರ ಜೀವಮಾನದಲ್ಲಿ ಒಂದು ದಿನವೂ ಸುಮ್ಮನೆ ಎಲ್ಲಿಗೂ ಹೋದದ್ದಿಲ್ಲ.

ಅವ್ವನ ಪ್ರಶ್ನೆಗೆ ನಗಾಡಿಕೊಂಡು ಎದ್ದು ಬಂದೆ. ದಾರಿಯಲ್ಲಿ ಅದು ಆಗಾಗ ಹೆಲ್ಮೆಟ್ ಒಳಗೆ ಬಂದು ಕೂರ್ತಿತ್ತು.

ಮನಾಲಿಯಿಂದ ಲೇಹ್‌ಗೆ ಹಳೇ ದಾರಿಯಲ್ಲಿ 3,978 ಮೀಟರ್ ಎತ್ತರದ ರೋಹ್ತಾಂಗ್ ಹತ್ತಿ ಇಳಿಯಬೇಕಿತ್ತು. ಈಗ 2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗ ಇದೆ. ಉದ್ದ 9 ಕಿಲೋಮೀಟರ್. ನಾವು ಅದರಲ್ಲೇ ಹೋದ್ವಿ, ಯಾಕಂದ್ರೆ ಮನಾಲಿಯಲ್ಲಿ ಹಿಂದಿನ ರಾತ್ರಿಯಿಂದ ಒಂದೇ ಸಮನೆ ಮಳೆ. ರೇನ್‌ಕೋಟ್ ಹಾಕ್ಕೊಂಡು, ವೈಸರ್ ಒರೆಸಿಕೊಳ್ತಾ ಒಂದು ಕಡೆಯಿಂದ ಒಳಗೆ ಹೋದ್ರೆ, ಇನ್ನೊಂದು ಕಡೆ ಕಣ್ಣು ಕುಕ್ಕೋ ಬಿಸಿಲು! ಅಲ್ಲಿ ದೇವದಾರು ಮರ, ಮಂಜು, ಹಸಿರು. ಇಲ್ಲಿ ಬೋಳು ಬೆಟ್ಟ, ನದಿ ದಂಡೆಗಷ್ಟೇ ಹಸಿರು. ಟೆಸ್ಟಿಂಗ್ ಹುಡುಗ ಗಾಡಿ ನಿಲ್ಲಿಸಿ "ಬೇರೆ ಗ್ರಹಕ್ಕೆ ಬಂದಂಗಿದೆ ಗುರೂ" ಅಂತ ಕೂಗಿದ. ನನಗೇನೋ ಇದು ಗೊತ್ತಿರೋ ವಿಷಯವೇ ಅನ್ನಿಸ್ತು. ಶಿರಾಡಿಯಲ್ಲಿ ಸುರಿಯೋ ಮಳೆ ನೆನೆಸಿಕೊಂಡು ಸಕಲೇಶಪುರ, ಹಾಸನ ದಾಟಿ ಅರಸೀಕೆರೆ ಹತ್ತಿರ ಬರೋಷ್ಟರಲ್ಲಿ ಆಕಾಶ ಪೂರಾ ಬೆಳ್ಳಗಾಗಿರುತ್ತೆ. ಮೋಡವನ್ನೆಲ್ಲ ಘಟ್ಟ ತಡೆದು ಹಿಂಡಿಕೊಂಡು, ಉಳಿದದ್ದನ್ನ ನಮ್ಮ ಕಡೆ ಕಳಿಸುತ್ತೆ. ಮಳೆ ನೆರಳಿನಲ್ಲಿ ಬೆಳೆದವರಿಗೆ ಲಾಹೌಲ್ ನೋಡಿ ಆಶ್ಚರ್ಯ ಆಗಬಾರದು. ನಮಗೆ ನೂರಾರು ಕಿಲೋಮೀಟರ್‌ನಲ್ಲಿ ಆಗೋ ಬದಲಾವಣೆ ಅಲ್ಲಿ ಒಂಬತ್ತೇ ಕಿಲೋಮೀಟರ್‌ನಲ್ಲಿ ಆಗುತ್ತೆ, ಅಷ್ಟೇ.

ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ಅನ್ನೋ ಎರಡು ನದಿ ಸೇರಿ ಚಂದ್ರಭಾಗಾ ಆಗ್ತವೆ. ಸ್ಕೂಲ್ ಪುಸ್ತಕದಲ್ಲಿ ನಾವು ಚಿನಾಬ್ ಅಂತ ಓದಿದ್ದು ಇದನ್ನೇ. ಆದರೆ ಬೈಕಿನವರಿಗೆ ತಾಂಡಿ ಅಂದ್ರೆ ಸಂಗಮ ಅಲ್ಲ, ಪೆಟ್ರೋಲ್ ಬಂಕ್. ಮುಂದಿನ ಬಂಕ್ 365 ಕಿಲೋಮೀಟರ್ ಅಂತ ಅಲ್ಲೊಂದು ಬೋರ್ಡ್ ಇದೆ, ಎಲ್ಲರೂ ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಳ್ತಾರೆ. ನಾವೂ ಹೊಡೆಸಿಕೊಂಡ್ವಿ. ಟ್ಯಾಂಕ್ ತುಂಬಿಸಿ, ಐದೈದು ಲೀಟರ್ ಕ್ಯಾನ್ ಹಿಂದೆ ಕಟ್ಟಿ, ಆ ರಾತ್ರಿ ಜಿಸ್ಪಾದಲ್ಲಿ ಮಲಗಿದ್ವಿ. ಮೊಬೈಲ್ ಸಿಗ್ನಲ್‌ಗೆ ನಮಸ್ಕಾರ ಹೇಳಿದ್ದೂ ಅಲ್ಲೇ.

ಮರುದಿನದ ಬಾರಾಲಾಚಾ ಲಾ, ಅದರ ಕೆಳಗಿನ ಸೂರಜ್ ತಾಲ್ ಕೆರೆ, ಆ ನೀಲಿ ಬಣ್ಣ, ಇದನ್ನೆಲ್ಲ ನಾನು ಬರೆಯೋಕೆ ಹೋಗಲ್ಲ. ಇಂಥ ಜಾಗದ ಬಗ್ಗೆ ಬರೆದವರೆಲ್ಲ 'ವರ್ಣಿಸಲು ಪದಗಳಿಲ್ಲ' ಅಂತ ಶುರು ಮಾಡಿ ನಾಲ್ಕು ಪುಟ ವರ್ಣಿಸ್ತಾರೆ. ಯೂಟ್ಯೂಬ್‌ನಲ್ಲಿ ಡ್ರೋನ್ ಸಮೇತ ಸಿಗುತ್ತೆ, ನೋಡ್ಕೊಳ್ಳಿ. ನಾನು ಹೇಳಬೇಕಾದ್ದು ಉಸಿರಿನ ಬಗ್ಗೆ.

ಈ ದಾರಿಯ ಅತಿ ಎತ್ತರದ ಜಾಗ ತಾಂಗ್ಲಾಂಗ್ ಲಾ, 5,328 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಅರ್ಧ. ಈಗಿನ ಫ್ಯುಯಲ್ ಇಂಜೆಕ್ಷನ್ ಬೈಕುಗಳಲ್ಲಿ ಒಂದು ಸೆನ್ಸರ್ ಇರುತ್ತೆ, ಗಾಳಿ ಕಮ್ಮಿ ಆಯ್ತು ಅಂತ ಗೊತ್ತಾದ ತಕ್ಷಣ ಪೆಟ್ರೋಲನ್ನೂ ಅಳತೆ ಮಾಡಿ ಕಮ್ಮಿ ಬಿಡುತ್ತೆ. ಶಕ್ತಿ ಕಮ್ಮಿ ಆಗುತ್ತೆ, ಆದರೆ ಗಾಡಿ ಉಸಿರುಗಟ್ಟಿ ನಿಲ್ಲಲ್ಲ. ಹಳೇ ಕಾರ್ಬ್ಯುರೇಟರ್ ಗಾಡಿಗೆ ಆ ತಿಳಿವಳಿಕೆ ಇಲ್ಲ, ಅಭ್ಯಾಸದಂತೆ ಪೆಟ್ರೋಲ್ ಸುರೀತಾ ಕಪ್ಪು ಹೊಗೆ ಕಾರುತ್ತೆ. ಮನುಷ್ಯ ಹಳೇ ಮಾಡೆಲ್ಲು. 4,300 ಮೀಟರ್ ಹತ್ತಿರದ ಸರ್ಚುವಿನಲ್ಲಿ ಆ ರಾತ್ರಿ ಟೆಂಟ್ ಒಳಗೆ ಮೂವರೂ ತಲೆ ಹಿಡ್ಕೊಂಡು ಬಿದ್ದಿದ್ವಿ. ಹಣೆಯ ಎರಡೂ ಪಕ್ಕ ಯಾರೋ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂಗೆ. ಶೂ ಲೇಸ್ ಕಟ್ಟೋಕೆ ಬಗ್ಗಿದ್ರೆ ಎದ್ದು ನಿಂತು ಎರಡು ನಿಮಿಷ ಸುಧಾರಿಸಿಕೊಳ್ಳಬೇಕು. "ಲೇ, ಉಸಿರು ಎಳಕೊಳ್ಳೋದೂ ಒಂದು ಕೆಲಸ ಅಂತ ಇವತ್ ಗೊತ್ತಾತು ನೋಡ" ಅಂದ ಧಾರವಾಡದವನು. ಇದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರನೇ ದಿನ ಗಾಟಾ ಲೂಪ್ಸ್. ಒಂದೇ ಗುಡ್ಡದ ಮೈಮೇಲೆ 21 ಹೇರ್‌ಪಿನ್ ತಿರುವು. ಅಲ್ಲೊಂದು ಕಡೆ ರಸ್ತೆ ಬದಿಯಲ್ಲಿ ಸಣ್ಣ ಗುಡಿ, ಸುತ್ತ ರಾಶಿ ರಾಶಿ ನೀರಿನ ಬಾಟಲಿ. ಕಥೆ ಹೀಗಿದೆ: ಎಷ್ಟೋ ವರ್ಷದ ಹಿಂದೆ ಇಲ್ಲೊಂದು ಲಾರಿ ಕೆಟ್ಟು ನಿಂತಿತು. ಡ್ರೈವರ್ ಕ್ಲೀನರ್‌ನನ್ನು ಗಾಡಿ ಕಾಯೋಕೆ ಬಿಟ್ಟು ಸಹಾಯ ತರಲು ಹೋದ, ಅಷ್ಟರಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಯ್ತು. ಕ್ಲೀನರ್ ಚಳಿಗೆ, ಹಸಿವಿಗೆ, ನೀರಡಿಕೆಗೆ ಸತ್ತ. ಆಮೇಲೆ ದಾರಿಹೋಕರ ಹತ್ತಿರ ನೀರು ಕೇಳೋ ದೆವ್ವ ಆದ. ಅದಕ್ಕೇ ಎಲ್ಲರೂ ಒಂದು ಬಾಟಲಿ ನೀರು, ಒಂದೊಂದು ಸಿಗರೇಟು ಇಟ್ಟು ಹೋಗ್ತಾರೆ. ನಿಜವೋ ಸುಳ್ಳೋ, ಈ ಕಥೆಯಲ್ಲಿ ನನಗೆ ಕಂಡದ್ದು ಒಂದೇ: ಈ ರಸ್ತೆಯಲ್ಲಿ ಪೂಜೆಗೊಳ್ಳುತ್ತಿರೋದು ರಾಜನೂ ಅಲ್ಲ, ಸಂತನೂ ಅಲ್ಲ, ಒಬ್ಬ ಲಾರಿ ಕ್ಲೀನರ್. ನಾನೂ ಒಂದು ಬಾಟಲಿ ಇಟ್ಟೆ. ಟೆಸ್ಟಿಂಗ್ ಹುಡುಗ ನಾನು ಇಡೋದನ್ನ ವಿಡಿಯೋ ಮಾಡಿದ.

ನಕೀ ಲಾ ದಾಟಿ, ಲಾಚುಲುಂಗ್ ಲಾ ದಾಟಿ, ಪಾಂಗ್ ಕಡೆಗೆ ಇಳೀತಾ ಇದ್ವಿ. ಈ ಇಡೀ ದಾರಿಯಲ್ಲಿ ಅತಿ ಕೆಟ್ಟ ರಸ್ತೆ ಇದು. ಎರಡೂ ಕಡೆ ಕೆಂಪು ಮಣ್ಣಿನ ಗೋಡೆ, ಕೆಳಗೆ ಕಂದರ, ಗಾಲಿ ಮುಳುಗೋವಷ್ಟು ಧೂಳು. ಒಂದು ತಿರುವಿನಲ್ಲಿ ಲಾರಿಗಳ ಸಾಲು ನಿಂತಿತ್ತು. ಮುಂದೆ ಗುಡ್ಡ ಜಾರಿದೆ, ಡೋಜರ್ ಕೆಲಸ ಮಾಡ್ತಿದೆ, ಎರಡು ಗಂಟೆ ಆಗುತ್ತೆ ಅಂದರು. ಮೂರೂವರೆ ಗಂಟೆ ಆಯ್ತು.

ಈ ರಸ್ತೆ ನೋಡಿಕೊಳ್ಳೋದು ಬಾರ್ಡರ್ ರೋಡ್ಸ್ ಆರ್ಗನೈಸೇಶನ್, ಬಿಆರ್‌ಒ. 1960ರಲ್ಲಿ ಶುರುವಾದದ್ದು. ಹಿಮಾಚಲದ ಕಡೆಯ ವಿಭಾಗಕ್ಕೆ ದೀಪಕ್, ಲಡಾಖ್ ಕಡೆಯದಕ್ಕೆ ಹಿಮಾಂಕ್ ಅಂತ ಹೆಸರು. ಸ್ಪೀಡಾಗಿ ಹೋಗಬೇಡಿ, ಕುಡಿದು ಓಡಿಸಬೇಡಿ ಅನ್ನೋದನ್ನೇ ಪ್ರಾಸ ಕಟ್ಟಿ ಹೇಳೋ ಹಳದಿ ಬೋರ್ಡುಗಳು ಅವರವೇ. ಬೋರ್ಡಿನ ಫೋಟೊ ಎಲ್ಲರ ಹತ್ತಿರವೂ ಇರುತ್ತೆ. ಆದರೆ ಈ ರಸ್ತೆ ಒಂದು ಸಲ ಹಾಕಿ ಮುಗಿಸಿ ಹೋಗೋ ರಸ್ತೆ ಅಲ್ಲ. ಹಗಲು ಹಿಮ ಕರಗಿದ ನೀರು ಡಾಂಬರಿನ ಬಿರುಕಿಗೆ ಇಳಿಯುತ್ತೆ, ರಾತ್ರಿ ಅದು ಗಡ್ಡೆ ಕಟ್ಟುತ್ತೆ. ನೀರು ಗಡ್ಡೆ ಆಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ. ದಿನಾ ರಾತ್ರಿ ಯಾರೋ ಬಿರುಕಿಗೆ ಬೆಣೆ ಹೊಡೆದಂಗೆ. ಚಳಿಗಾಲ ಕಳೆದು ಹಿಮ ಸರಿಸಿ ನೋಡಿದ್ರೆ ಹೋದ ವರ್ಷದ ರಸ್ತೆ ಅರ್ಧ ಇರಲ್ಲ. ಕೆಲಸ ಮಾಡೋಕೆ ಸಿಗೋದು ವರ್ಷಕ್ಕೆ ಕೆಲವೇ ತಿಂಗಳು. ಕ್ಲೋಸ್ ಮಾಡಿದ ಬಗ್ ಪ್ರತಿ ವರ್ಷ ತಾನೇ ರೀಓಪನ್ ಆಗೋ ಪ್ರಾಜೆಕ್ಟ್ ಇದು. ಅದನ್ನ ಪ್ರತಿ ವರ್ಷ ಕೈಯಲ್ಲೇ ಫಿಕ್ಸ್ ಮಾಡಬೇಕು.

ಆ ಕೈಗಳು ಅಲ್ಲೇ ಇದ್ದವು. ಗುಡ್ಡ ಜಾರಿದ ಜಾಗಕ್ಕಿಂತ ಸ್ವಲ್ಪ ಈಚೆ ಒಂದು ಗ್ಯಾಂಗ್ ಕೆಲಸ ಮಾಡ್ತಿತ್ತು. ಡ್ರಮ್ಮಿನಲ್ಲಿ ಡಾಂಬರು ಕುದೀತಾ ಕಪ್ಪು ಹೊಗೆ. ಇಬ್ಬರು ಬಾಂಡ್ಲಿ ಹೊರೋರು, ಒಬ್ಬ ಸಲಿಕೆಯಲ್ಲಿ ಹರವೋನು, ಮುಖಕ್ಕೆಲ್ಲ ಬಟ್ಟೆ ಸುತ್ತಿ ಕಣ್ಣು ಮಾತ್ರ ಬಿಟ್ಟಿದ್ದರು. ರಸ್ತೆಯ ಅಂಚಿಗೆ ನಾಲ್ಕು ಹೆಂಗಸರು ಕೂತು ಸುತ್ತಿಗೆಯಲ್ಲಿ ಕಲ್ಲು ಒಡೀತಿದ್ದರು. ಹಿಂದೆ, ಖಾಲಿ ಡಾಂಬರು ಡ್ರಮ್ಮುಗಳನ್ನ ಸೀಳಿ ತಗಡು ಮಾಡಿ ಗೋಡೆ ನಿಲ್ಲಿಸಿ, ಮೇಲೆ ಟಾರ್ಪಾಲು ಎಳೆದ ಗುಡಿಸಲುಗಳು. ನಾವು ಬಗ್ಗಿ ಲೇಸ್ ಕಟ್ಟೋಕೆ ಆಗದ ಎತ್ತರ ಅದು.

ಟೆಸ್ಟಿಂಗ್ ಹುಡುಗ ಕ್ಯಾಮೆರಾ ಬಿಚ್ಚಿಕೊಂಡು ಅವರ ಹತ್ತಿರ ಹೋದ. ಕೆಟ್ಟ ಹುಡುಗ ಅಲ್ಲ. ಜೇಬಲ್ಲಿದ್ದ ಚಾಕೊಲೇಟೆಲ್ಲ ಅಲ್ಲಿ ಆಡ್ತಿದ್ದ ಮಗುವಿಗೆ ಕೊಟ್ಟಿದ್ದ. ಆದರೆ ಕಲ್ಲು ಒಡೆಯೋ ಹೆಂಗಸಿನ ಎದುರು ಕುಕ್ಕರಗಾಲಲ್ಲಿ ಕೂತು, ಸುತ್ತಿಗೆ ಏಟಿನ ಸ್ಲೋ ಮೋಷನ್ ತೆಗೆಯೋಕೆ ಶುರು ಮಾಡಿದಾಗ ಆಕೆ ತಲೆಬಟ್ಟೆಯನ್ನ ಮುಖದ ಮೇಲೆ ಎಳೆದು ಅತ್ತ ತಿರುಗಿ ಕೂತಳು. ಇವನೂ ಸುತ್ತಿ ಆ ಕಡೆಗೆ ಹೋದ.

"ಏ ತಮ್ಮಾ, ಬಿಡೋ ಅದನ್ನ" ಅಂದ ಧಾರವಾಡದವನು.

"ಇಲ್ಲ ಗುರೂ, ಇದು ತುಂಬಾ ಪವರ್‌ಫುಲ್ ವಿಶುವಲ್."

"ಕ್ಯಾಮೆರಾ ಒಳಗಿಡು" ಅಂತ ನಾನು ಅಂದದ್ದು ಸ್ವಲ್ಪ ಜೋರಾಗೇ ಇತ್ತು. ಹುಡುಗ ಮುಖ ಸಣ್ಣದು ಮಾಡ್ಕೊಂಡು ಬಂದ. ಅವತ್ತು ಸಂಜೆವರೆಗೂ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಯಾಕೆ ಅಂತ ಅವನಿಗೆ ಅಲ್ಲಿ ಹೇಳಲಿಲ್ಲ. ಇಲ್ಲಿ ಹೇಳ್ತೀನಿ. ನನಗೆ ಆರೇಳು ವರ್ಷ ಇದ್ದಾಗ ಮಳೆ ಕೈಕೊಟ್ಟು ಹೊಲ ಬಿತ್ತೋಕೆ ಆಗಲಿಲ್ಲ. ಅವ್ವ ಎರಡು ಬೇಸಿಗೆ ರಸ್ತೆ ಕೆಲಸಕ್ಕೆ ಹೋದಳು. ಜಲ್ಲಿ ಒಡೆಯೋದು. ಗುಡ್ಡೆ ಅಳತೆ ಮಾಡಿ ಕೂಲಿ. ಶಾಲೆ ಬಿಟ್ಟಮೇಲೆ ನಾನೂ ಅಲ್ಲಿಗೇ ಹೋಗಿ ಹುಣಸೆ ಮರದ ನೆರಳಲ್ಲಿ ಕೂರ್ತಿದ್ದೆ. ಅವ್ವನ ಎಡಗೈ ಹೆಬ್ಬೆರಳಿನ ಉಗುರು ಈಗಲೂ ಸೊಟ್ಟಗಿದೆ, ಸುತ್ತಿಗೆ ತಪ್ಪಿ ಬಿದ್ದದ್ದು. ಅಲ್ಲಿಗೆ ಒಂದು ದಿನ ಜೀಪಿನಲ್ಲಿ ಯಾರೋ ಸಾಹೇಬರು ಬಂದು ಎಲ್ಲರನ್ನೂ ಸಾಲಾಗಿ ಕೂರಿಸಿ ಫೋಟೊ ತೆಗೆದರು. ಅವ್ವನ ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ. ಅದು ಅವಳ ಮೊದಲ ಫೋಟೊ. "ಕೊಡ್ತೀವಿ ಅಂದ್ರಪ್ಪ. ಕೊಡ್ಲೇ ಇಲ್ಲ" ಅಂತ ಈಗಲೂ ಯಾವುದಾದ್ರೂ ಮದುವೆ ಆಲ್ಬಮ್ ನೋಡುವಾಗ ಹೇಳ್ತಾಳೆ. ಸಿಟ್ಟಿಂದ ಅಲ್ಲ, ಮಾತಿಗೆ ಹೇಳ್ತಾಳೆ. ಎಲ್ಲೋ ಒಂದು ಫೈಲಿನಲ್ಲಿ, ಯಾವುದೋ ಬಿಲ್ಲಿಗೆ ಪಿನ್ ಹೊಡೆದು, ಇಪ್ಪತ್ತೈದು ವರ್ಷದ ನಮ್ಮವ್ವ ಕೂತಿರಬಹುದು.

ಮಧ್ಯಾಹ್ನ ಗ್ಯಾಂಗಿನವರು ಊಟಕ್ಕೆ ಕೂತಾಗ ಒಬ್ಬಾತ ನನ್ನ ಗಾಡಿ ಹತ್ತಿರ ಬಂದ. ನಲವತ್ತರ ಆಸುಪಾಸು, ಮುಖದ ಬಟ್ಟೆ ಬಿಚ್ಚಿದರೆ ಕೆನ್ನೆ ಚಳಿಗೆ ಬಿರಿದಿತ್ತು. ಟೈರು ಒತ್ತಿ ನೋಡಿದ, ಸೈಲೆನ್ಸರ್ ಬಗ್ಗಿ ನೋಡಿದ. ಥೇಟ್ ನಮ್ಮೂರಲ್ಲಿ ಜಾತ್ರೆಗೆ ಬಂದ ಎತ್ತಿನ ಹಲ್ಲು ನೋಡೋ ಹಾಗೆ. ಎಷ್ಟು ಕೊಟ್ಟೆ ಅಂತ ಕೇಳಿದ. ಎರಡೂವರೆ ಲಕ್ಷದ ಮೇಲೆ ಅಂದೆ. ಹಾಗಾದ್ರೆ ಎಷ್ಟು ಜೋಡಿ ಎತ್ತು ಅಂತ ಬೆರಳು ಮಡಚಿ ಎಣಿಸಿ, ಎಣಿಕೆ ಬಿಟ್ಟು ನಕ್ಕ.

ನನ್ನ ಹಿಂದಿ ನನಗೇ ನಾಚಿಕೆ. ಅವನದ್ದೂ ಮನೆ ಭಾಷೆ ಹಿಂದಿ ಅಲ್ಲ, ಸಂತಾಲಿ. ಊರು ಜಾರ್ಖಂಡಿನ ದುಮ್ಕಾ ಕಡೆ. ಇಬ್ಬರಿಗೂ ಅದು ಬೇರೆಯವರ ಭಾಷೆ ಆಗಿದ್ದರಿಂದ ಇಬ್ಬರೂ ನಿಧಾನವಾಗಿ, ಸಣ್ಣ ಸಣ್ಣ ವಾಕ್ಯದಲ್ಲಿ ಮಾತಾಡಿದ್ವಿ. ಹಾಗಾಗಿಯೇ ಎಲ್ಲ ಅರ್ಥ ಆಯ್ತು. ದೆಹಲಿಯವರ ಹಿಂದಿ ನನಗೆ ಅಷ್ಟು ಸಲೀಸಾಗಿ ಯಾವತ್ತೂ ಅರ್ಥ ಆಗಿಲ್ಲ.

ದುಮ್ಕಾ ಅನ್ನೋ ಹೆಸರು ನಾನು ಲಾಕ್‌ಡೌನ್ ಕಾಲದಲ್ಲಿ ಓದಿದ್ದೆ. 2020ರ ಮೇ ಕೊನೆಯಲ್ಲಿ ಲಡಾಖ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ 60 ಕೂಲಿಕಾರರನ್ನ ಜಾರ್ಖಂಡ್ ಸರ್ಕಾರ ವಿಮಾನದಲ್ಲಿ ಊರಿಗೆ ಕರೆಸಿತ್ತು. ಎರಡು ವಾರ ಕಳೆದು ಜೂನ್‌ನಲ್ಲಿ, ಅದೇ ದುಮ್ಕಾ ಸ್ಟೇಷನ್ನಿಂದ ಲಡಾಖ್ ರಸ್ತೆ ಕೆಲಸಕ್ಕೆ ಜನರನ್ನ ತುಂಬಿಕೊಂಡು ವಿಶೇಷ ರೈಲು ಹೊರಟಿತು. ಮುಖ್ಯಮಂತ್ರಿ ಹೇಮಂತ್ ಸೊರೇನ್ ಬಾವುಟ ತೋರಿಸಿದ್ದರು. ದೇಶದಲ್ಲಿ ಎಲ್ಲರೂ ಪಟ್ಟಣ ಬಿಟ್ಟು ಊರಿಗೆ ನಡೀತಿದ್ದ ಕಾಲ ಅದು, ನಾವೆಲ್ಲ ಮನೆಯಲ್ಲಿ ಕೂತು ಝೂಮ್‌ನಲ್ಲಿ ಮ್ಯೂಟ್ ಆಗ್ತಿದ್ದ ಕಾಲ. ಆ ರೈಲಲ್ಲಿ ನೀನಿದ್ದೆಯಾ ಅಂತ ಕೇಳಿದೆ. ಅದರಲ್ಲಿ ಅಲ್ಲ, ಆಮೇಲಿನದರಲ್ಲಿ ಅಂದ. ಇಲ್ಲಿಗೆ ಬರೋಕೆ ಶುರು ಮಾಡಿ ಹನ್ನೊಂದು ವರ್ಷ ಆಗಿದೆಯಂತೆ. ಅವನ ಅಪ್ಪನೂ ಬರ್ತಿದ್ದನಂತೆ.

ಊರಲ್ಲಿ ಈಗ ಏನು ಕೆಲಸ ಅಂದೆ. ಭತ್ತದ ನಾಟಿ ಅಂದ. ಮಳೆ ಬಂತೋ ಇಲ್ಲವೋ ಗೊತ್ತಿಲ್ಲ, ಫೋನ್ ಸಿಗಲ್ಲ. ಹೆಂಡತಿ, ತಮ್ಮ ಸೇರಿ ಮಾಡ್ತಿರಬೇಕು. ನಮ್ಮೂರಲ್ಲಿ ಈಗ ರಾಗಿ ಬಿತ್ತನೆ ಅಂದೆ. ರಾಗಿ ಅಂದ್ರೆ ಅವನಿಗೆ ಗೊತ್ತಾಗಲಿಲ್ಲ. ಫೋನಿನಲ್ಲಿ ಹುಡುಕಿ ಹಿಂದಿನ ವರ್ಷ ತೆಗೆದ ನಮ್ಮ ಹೊಲದ ಫೋಟೊ ತೋರಿಸಿದೆ, ತೆನೆ ಬಾಗಿ ನಿಂತದ್ದು. ನೋಡಿದವನೇ "ಅರೆ, ಮಡುವಾ!" ಅಂತ ಕೂಗಿ ಹಿಂದೆ ಕೂತಿದ್ದವರಿಗೆಲ್ಲ ಫೋನ್ ತೋರಿಸೋಕೆ ಹೋದ. ಅವರ ಮನೆಯಲ್ಲೂ ರೊಟ್ಟಿ ಮಾಡ್ತಾರಂತೆ. ಫೋನ್ ಕೈಯಿಂದ ಕೈಗೆ ಹೋಯ್ತು. ಆಗ ಮುಖ ಮುಚ್ಚಿಕೊಂಡಿದ್ದ ಹೆಂಗಸೂ ನೋಡಿ ಏನೋ ಅಂದಳು. ತೆನೆ ಚೆನ್ನಾಗಿದೆ ಅಂತಿದ್ದಾಳೆ ಅಂದ ಇವನು. ಲಾಚುಲುಂಗ್ ಲಾ ಕೆಳಗೆ, ಒಂದು ಹುಲ್ಲು ಕಡ್ಡಿ ಬೆಳೆಯದ ಕಣಿವೆಯಲ್ಲಿ, ತಿಪಟೂರಿನ ಒಂದೂವರೆ ಎಕರೆ ರಾಗಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನ ಅಪ್ಪನಿಗೆ ಹೇಳಿದರೆ ನಂಬಲ್ಲ.

ಆಮೇಲೆ ಮಾತು ಎತ್ತಿಗೆ ತಿರುಗಿತು. ಜನವರಿಯಲ್ಲಿ ಅವರಿಗೆ ಸೊಹರಾಯ್ ಹಬ್ಬ, ದನಗಳನ್ನ ತೊಳೆದು ಪೂಜೆ ಮಾಡ್ತಾರೆ. ನಮಗೂ ಆಗಲೇ ಸಂಕ್ರಾಂತಿ, ನಾವು ಕೊಂಬಿಗೆ ಬಣ್ಣ ಬಳಿದು ಸಂಜೆ ಕಿಚ್ಚು ಹಾಯಿಸ್ತೀವಿ ಅಂದೆ. ಬೆಂಕಿ ಮೇಲೆ ಎತ್ತು ಹಾರಿಸ್ತೀರಾ ಅಂತ ಅವನಿಗೆ ಬಹಳ ಆಶ್ಚರ್ಯ. ಸೊಹರಾಯ್‌ಗೆ ಮಾತ್ರ ಏನೇ ಆದ್ರೂ ಊರಲ್ಲಿ ಇರ್ತೀನಿ ಅಂದ.

ಕೊನೆಗೆ ಅವನೂ ಕೇಳಿದ. ಇಲ್ಲಿ ನಿನಗೇನು ಕೆಲಸ?

ಕೆಲಸ ಇಲ್ಲ, ಸುತ್ತಾಡೋಕೆ ಬಂದೆ ಅಂದೆ.

ಸಂಬಳ ಕಟ್ ಮಾಡ್ತಾರಾ?

ಇಲ್ಲ, ರಜೆಗೂ ಸಂಬಳ ಇದೆ.

ಅವನು ಸ್ವಲ್ಪ ಹೊತ್ತು ರಸ್ತೆ ನೋಡಿದ. ಆಮೇಲೆ, ಗಂಭೀರವಾಗಿ, ಹಾಗಾದ್ರೆ ಒಳ್ಳೇದು, ಜನ ಬರಬೇಕು, ಜನ ಬಂದ್ರೇನೇ ರಸ್ತೆ ಮಾಡೋದು ಅಂದ. ಅದರಲ್ಲಿ ಚುಚ್ಚು ಏನೂ ಇರಲಿಲ್ಲ. ನಾನೇ ಒಂದು ಹುಡುಕೋಕೆ ನೋಡಿದೆ, ಸಿಗಲಿಲ್ಲ.

ಡೋಜರ್ ಸದ್ದು ನಿಂತಿತು, ಲಾರಿಗಳು ಸ್ಟಾರ್ಟ್ ಆದವು. ಹೊರಡೋ ಹೊತ್ತಿಗೆ ಆತ, ನಿನ್ನ ಗಾಡಿ ಪಕ್ಕ ನಂದೊಂದು ಫೋಟೊ ತೆಗೆದು ಮನೆಗೆ ಕಳಿಸ್ತೀಯಾ ಅಂದ. ಮಗನ ಹತ್ತಿರ ವಾಟ್ಸಾಪ್ ಇರೋ ಫೋನ್ ಇದೆಯಂತೆ. ಸರಿ ನಿಂತ್ಕೋ ಅಂದೆ. "ಏಕ್ ಮಿನಿಟ್" ಅಂತ ಗುಡಿಸಲಿಗೆ ಓಡಿದ. ಓಡಿದ ಅನ್ನೋದು ಗಮನಿಸಿ, ಆ ಗಾಳಿಯಲ್ಲಿ. ಡಾಂಬರು ಹತ್ತಿದ ಜಾಕೆಟ್ಟು, ಅದರೊಳಗಿನ ಸ್ವೆಟರು, ತಲೆಗೆ ಸುತ್ತಿದ್ದ ಬಟ್ಟೆ ಎಲ್ಲ ಬಿಚ್ಚಿಟ್ಟು, ಮುಖ ತೊಳೆದು, ತೆಳ್ಳನೆಯ ನೀಲಿ ಅಂಗಿಯಲ್ಲಿ ತಲೆ ಬಾಚಿಕೊಂಡು ಬಂದ. ಕೂದಲಲ್ಲಿ ಇನ್ನೂ ನೀರಿತ್ತು. ಹ್ಯಾಂಡಲ್ ಮೇಲೆ ಒಂದು ಕೈ ಇಟ್ಟು, ನಗದೆ, ನೆಟ್ಟಗೆ ನಿಂತ. ನಾಲ್ಕು ತೆಗೆದೆ. ಒಂದರಲ್ಲಿ ಮಾತ್ರ ಕಣ್ಣು ಮುಚ್ಚಿದ್ದ. ಮಗನ ನಂಬರು ಎಲ್ಲೂ ಬರೆದಿಟ್ಟಿರಲಿಲ್ಲ, ಬಾಯಲ್ಲೇ ಹೇಳಿದ. ಹತ್ತು ಅಂಕಿ, ಎರಡು ಸಲ. ನಾನು ಟೈಪ್ ಮಾಡಿ ವಾಪಸ್ ಓದಿ ಹೇಳಿದೆ. ಧಾರವಾಡದವನು ತನ್ನ ಫೋನಿನಲ್ಲೂ ಬರ್ಕೊಂಡ. "ನಿನ್ನ ಫೋನ್ ಬಿದ್ದು ಗಿದ್ದೀತು" ಅಂದ. ಆಗ ಟೆಸ್ಟಿಂಗ್ ಹುಡುಗ ಮುಂದೆ ಬಂದು, ನನ್ನ ಕ್ಯಾಮೆರಾದಲ್ಲಿ ಇನ್ನೂ ಚೆನ್ನಾಗಿ ಬರುತ್ತೆ, ತೆಗೀಲಾ ಅಂತ ಆತನನ್ನೇ ಕೇಳಿದ. ಆತ ಮತ್ತೆ ನೆಟ್ಟಗೆ ನಿಂತ.

ಆ ರಾತ್ರಿ ಪಾಂಗ್‌ನ ಧಾಬಾ ಟೆಂಟಿನಲ್ಲಿ ಮ್ಯಾಗಿ ತಿಂದು, ನಾಲ್ಕು ರಜಾಯಿ ಹೊದ್ದು ಮಲಗಿದ್ವಿ. ಮರುದಿನ ಮೋರೆ ಬಯಲು. ಅಷ್ಟು ಎತ್ತರದಲ್ಲಿ ಸುಮಾರು 40 ಕಿಲೋಮೀಟರ್ ಮಟ್ಟಸವಾದ ನೆಲ, ನಡುವೆ ನೇರ ರಸ್ತೆ, ಹೊಸ ಡಾಂಬರು. ಮೂರು ದಿನದ ನಂತರ ಐದನೇ ಗೇರ್ ಸಿಕ್ಕಿತ್ತು. ಎಲ್ಲರೂ ಅಲ್ಲಿ ಗಾಡಿ ಬಿಡ್ತಾರೆ, ನಾವೂ ಬಿಟ್ವಿ. ನುಣ್ಣಗಿನ ಆ ರಸ್ತೆ ಮೇಲೆ ಹೋಗುವಾಗ ಕೆಳಗೆ ಜಲ್ಲಿ ಇದೆ ಅನ್ನೋದು ನೆನಪಾಗಿ ಎಲ್ಲೂ ನಿಲ್ಲಿಸಬೇಕು ಅನ್ನಿಸಲಿಲ್ಲ, ಖುಷಿಯೇ ಆಯ್ತು. ಅವ್ವ ಜಲ್ಲಿ ಒಡೆದ ರಸ್ತೆಯಲ್ಲಿ ಬಸ್ಸು ಬಂದ ಮೊದಲ ದಿನ ಅವಳಿಗೂ ಖುಷಿಯೇ ಆಗಿತ್ತು, ಅದೇ ಬಸ್ಸಲ್ಲಿ ನಾನು ಪಿಯುಸಿಗೆ ಹೋದದ್ದು.

ತಾಂಗ್ಲಾಂಗ್ ಲಾ ಇಳಿದು, ಉಪ್ಶಿಯಲ್ಲಿ ಸಿಂಧೂ ನದಿ ನೋಡಿ, ಲೇಹ್ ಹತ್ತಿರ ಬರುವಾಗ ಜೇಬಿನಲ್ಲಿ ಫೋನು ಒಂದೇ ಸಮ ನಡುಗೋಕೆ ಶುರುವಾಯ್ತು. ನನ್ನದು ಪೋಸ್ಟ್‌ಪೇಯ್ಡ್ ಸಿಮ್. ಹೊರಗಿನವರ ಪ್ರೀಪೇಯ್ಡ್ ಅಲ್ಲಿ ನಡೆಯಲ್ಲ. ಆಫೀಸಿನ ನೂರಾರು ಮೆಸೇಜು. ಅದನ್ನೆಲ್ಲ ಪಕ್ಕಕ್ಕೆ ತಳ್ಳಿ, ರಸ್ತೆ ಬದಿಯಲ್ಲಿ ನಿಂತು, ದುಮ್ಕಾ ನಂಬರಿಗೆ ನಾಲ್ಕೂ ಫೋಟೊ ಕಳಿಸಿದೆ. ಟೆಸ್ಟಿಂಗ್ ಹುಡುಗನ ಫೋಟೊವನ್ನೂ ಕಳಿಸಿದೆ, ಅದು ನಿಜವಾಗಿ ಚೆನ್ನಾಗಿ ಬಂದಿತ್ತು. ಒಂದು ಟಿಕ್ ಬಂತು. ಮರುದಿನವೂ ಒಂದೇ ಟಿಕ್. ಖಾರ್ದುಂಗ್ ಲಾ ಹತ್ತಿ ಇಳಿದು ನುಬ್ರಾಗೆ ಹೋಗಿ ಬಂದೆವು, ಆಗಲೂ ಒಂದೇ ಟಿಕ್.

ಲೇಹ್ ಬಿಡೋ ಹಿಂದಿನ ದಿನ ಬೆಳಗ್ಗೆ ಎದ್ದು ನೋಡಿದರೆ ಎರಡು ನೀಲಿ ಟಿಕ್, ಕೆಳಗೆ ಒಂದು ವಾಯ್ಸ್ ಮೆಸೇಜ್. ಇಪ್ಪತ್ತು ಸೆಕೆಂಡಿನದ್ದು. ಹೆಂಗಸಿನ ದನಿ, ಹಿಂದೆ ಕೋಳಿ ಕೂಗೋದು ಕೇಳಿಸ್ತಿತ್ತು. ಸಂತಾಲಿ. ಒಂದಕ್ಷರ ಗೊತ್ತಾಗಲಿಲ್ಲ. ದನಿಯಲ್ಲಿ ಸ್ವಲ್ಪ ಸಿಟ್ಟಿದ್ದಂಗಿತ್ತು. ಏನಾದ್ರೂ ಹೆಚ್ಚು ಕಮ್ಮಿ ಆಯ್ತಾ, ನಂಬರ್ ತಪ್ಪಿತಾ ಅಂತ ಯೋಚನೆಗೆ ಬಿದ್ದೆ. ನಮ್ಮ ಗೆಸ್ಟ್ ಹೌಸ್ ಪಕ್ಕದಲ್ಲಿ ಒಂದು ಕಟ್ಟಡ ಏಳ್ತಿತ್ತು. ಅಲ್ಲಿ ಇಟ್ಟಿಗೆ ಹೊರ್ತಿದ್ದವರಲ್ಲಿ ಜಾರ್ಖಂಡಿನವರು ಯಾರಾದ್ರೂ ಇದ್ದೀರಾ ಅಂತ ಕೇಳಿದೆ. ಒಬ್ಬ ಹುಡುಗ ಇಳಿದು ಬಂದ. ಫೋನನ್ನ ಕಿವಿಗೆ ಹಿಡಿದು ಒಂದು ಸಲ ಕೇಳಿದ, ಇನ್ನೊಂದು ಸಲ ಕೇಳಿ ನಗೋಕೆ ಶುರು ಮಾಡಿದ.

"ಫೋಟೊ ಬಂತು ಅಂತಿದ್ದಾಳೆ. ಸೊರಗಿದ್ದಾನೆ ಅಂತೆ. ಅಷ್ಟು ಚಳಿಯಲ್ಲಿ ಸ್ವೆಟರ್ ಹಾಕ್ಕೊಳ್ಳದೆ ಯಾಕೆ ನಿಂತಿದ್ದಾನೆ, ತಾನು ಕಳಿಸಿದ ಸ್ವೆಟರ್ ಎಲ್ಲಿ ಹೋಯ್ತು ಕೇಳಿ ಅಂತಿದ್ದಾಳೆ."

ಅವನಿಗೆ ನಮ್ಮ ಫೋನ್ ಸಿಗಲ್ಲ, ಮಾತಾಡೋಕೆ ಮತ್ತೆ ಒಂದೂವರೆ ದಿನದ ದಾರಿ ಹಿಂದೆ ಹೋಗಬೇಕು ಅಂದೆ. ಹಾಗಾದ್ರೆ ನಾನೇ ಹೇಳ್ತೀನಿ ಕೊಡಿ ಅಂತ ಹುಡುಗ ಮೈಕ್ ಒತ್ತಿ ಹಿಡಿದ. ಏನು ಹೇಳಬೇಕು ಅಂತ ನನ್ನ ಮುಖ ನೋಡಿದ. ಸ್ವೆಟರ್ ಇದೆ, ಬೂದು ಬಣ್ಣದ್ದು, ನಾನು ಕಣ್ಣಾರೆ ನೋಡಿದೀನಿ, ಫೋಟೊಗೋಸ್ಕರ ಬಿಚ್ಚಿದ್ದ ಅಂತ ಹೇಳು ಅಂದೆ. ಅವನು ಸಂತಾಲಿಯಲ್ಲಿ ಅದನ್ನ ಹೇಳಿದ. ನಾನು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೇಳಿದ ಅನ್ಸುತ್ತೆ. ಫೋನ್ ವಾಪಸ್ ಕೊಟ್ಟು, ಇಟ್ಟಿಗೆ ಹೊರೋಕೆ ಮೇಲೆ ಹತ್ತಿದ.